ಹಸಿದ ಹೊದಿಕೆ ಬೆಟ್ಟಕ್ಕೆ ಹೋಗಬಾರದು

ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಐಸ್‌ಕ್ರೀಮ್ ಗೋದಾಮಿನ ಶೀತಲ ಕೋಣೆಯಲ್ಲಿ, ವೆನಿಲಾ ಡಬ್ಬಗಳ ಎರಡು ಸಾಲಿನ ನಡುವೆ, ಮಹಾನಂದಾ ಸ್ಲೀಪಿಂಗ್ ಬ್ಯಾಗಿನೊಳಗೆ ಅಂಗಾತ ಮಲಗಿದ್ದಾರೆ. ಮೂಗಷ್ಟೇ ಹೊರಗಿದೆ. ಮೊದಲು ಪಾದ, ಆಮೇಲೆ ಮೊಣಕಾಲು, ಸೊಂಟ, ಬೆನ್ನು. ಚಳಿ ಎಲ್ಲಿಂದ ಕದ್ದು ನುಗ್ಗುತ್ತಿದೆ ಎಂದು ಮೈಯನ್ನೇ ಕಿವಿ ಮಾಡಿಕೊಂಡು ಕೇಳುತ್ತಾರೆ. ಸ್ವಲ್ಪ ಹೊತ್ತು ಕಳೆದರೆ ಯಂತ್ರದ ಗುಂಯ್ ಎನ್ನುವ ಸದ್ದು ಗಾಳಿಯ ಸದ್ದಾಗುತ್ತದೆ. ಎಂದೂ ಕಾಣದ ಬೆಟ್ಟವೊಂದು ಬೆನ್ನ ಕೆಳಗೆ ಮೆಲ್ಲನೆ ಏಳುತ್ತದೆ.

"ಅಕ್ಕಾ, ಕೈಲಾಸ ಮುಟ್ಟಿದ್ರೇನು? ಏಳ್ರಿ, ಲಾರಿ ಬರೂ ಹೊತ್ತಾತು," ಎನ್ನುತ್ತಾರೆ ಬಾಗಿಲಲ್ಲಿ ನಿಂತ ಮುತ್ತಣ್ಣ. ಅವರು ಗೋದಾಮಿನ ಕಾವಲುಗಾರ. ಮಹಾನಂದಾ ಒಳಗಿರುವಷ್ಟು ಹೊತ್ತೂ ಬಾಗಿಲು ಬಿಟ್ಟು ಕದಲುವವರಲ್ಲ.

ಎದುರಿನ ಶೆಡ್ಡು ದೀಪು ಅವರದು. ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಹಿಮಾಲಯಕ್ಕೆ ಹೋಗುವವರಿಗೆ ಬೇಕಾದದ್ದೆಲ್ಲ ಬಾಡಿಗೆಗೆ ಸಿಗುತ್ತದೆ. ಟೆಂಟು, ಪುಕ್ಕದ ಜಾಕೆಟ್ಟು, ಮಂಜಿನ ಬೂಟು, ಬೆನ್ನಚೀಲ. ವೈಟ್‌ಫೀಲ್ಡ್, ಬೆಳ್ಳಂದೂರಿನ ಆಫೀಸುಗಳಿಂದ ಬರುವ ಹುಡುಗ ಹುಡುಗಿಯರು ಇವನ್ನು ಹೊತ್ತು ಹೋಗಿ, ಶಿಖರದಲ್ಲಿ ಕೈಯೆತ್ತಿ ನಿಂತು ಫೋಟೊ ಹಾಕುತ್ತಾರೆ. ಆ ಜಾಕೆಟ್ಟನ್ನು ಒಗೆದು, ಒಣಗಿಸಿ, ಹರಿದದ್ದನ್ನು ಹೊಲಿದು ಕಳಿಸಿದ ಕೈ ಯಾವ ಫೋಟೊದಲ್ಲೂ ಇರುವುದಿಲ್ಲ.

ಆ ಕೈಗಳು ಕುಷ್ಟಗಿ ಕಡೆಯವು. ಗಂಡ ಬಸಲಿಂಗ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬಂದಾಗ ಮಹಾನಂದಾ ಜೊತೆಗೆ ಬಂದರು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ವರ್ಷಗಟ್ಟಲೆ ಅಂಗಿಯ ಕಾಲರ್ ಮಾತ್ರ ಹೊಲಿದರು. "ಪೂರಾ ಅಂಗಿ ಹೆಂಗ ಕಾಣತೈತಿ ಅಂತ ಒಂದ ದಿನಾನೂ ನೋಡಲಿಲ್ರಿ," ಎಂದು ನಗುತ್ತಾರೆ. ಭುಜ ಸೋತು ಆ ಕೆಲಸ ಬಿಟ್ಟ ಮೇಲೆ ಈ ಶೆಡ್ಡು ಸಿಕ್ಕಿತು. ಹಂಗಾಮಿನಲ್ಲಿ ವಾರಕ್ಕೆ ನಲವತ್ತೈವತ್ತು ಬ್ಯಾಗುಗಳು ಅವರ ಕೈ ದಾಟುತ್ತವೆ. ಹಿಂದಿರುಗಿದ ಬ್ಯಾಗಿನ ಬಾಯಿ ಬಿಚ್ಚಿದರೆ ಕಟ್ಟಿಗೆಯ ಹೊಗೆ, ದೇವದಾರಿನ ಅಂಟು, ಯಾವುದೋ ಹುಲ್ಲಿನ ವಾಸನೆ. ಮಹಾನಂದಾ ಒಂದು ಗಳಿಗೆ ಕಣ್ಮುಚ್ಚಿ ನಿಲ್ಲುತ್ತಾರೆ. ಆಮೇಲೆ ಸೋಪಿನ ನೀರಿಗೆ ಅದ್ದುತ್ತಾರೆ. ಬೆಟ್ಟವೆಲ್ಲ ಕರಗಿ ಮೋರಿಗೆ ಹರಿದು ಹೋಗುತ್ತದೆ.

ಅವರ ತಾಯಿ ಹನುಮವ್ವ ಊರಿಗೆಲ್ಲ ಕೌದಿ ಹೊಲಿದುಕೊಟ್ಟವರು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಹೊದಿಕೆಯೇ ಕೌದಿ. ಕೊನೆಯ ತುಂಡು ಹಚ್ಚುವ ಮೊದಲು ಅದರೊಳಗೆ ಚೂರು ರೊಟ್ಟಿಯನ್ನೋ ಬೆಲ್ಲವನ್ನೋ ಇಟ್ಟು ಬಾಯಿ ಮುಚ್ಚುವುದು ಅವರ ಮನೆಯ ಪದ್ಧತಿ. "ಹೊಟ್ಟಿ ತುಂಬಿದ ಕೌದಿ ಮಂದೀನ ಬೆಚ್ಚಗ ಇಡತೈತಿ. ಹಸದದ್ದು ಹೊದ್ದವರನ್ನ ತಿಂತೈತಿ ಅಂತಿದ್ಲು ನಮ್ಮವ್ವ."

ಹುಟ್ಟುಗುಣ ಸುಟ್ಟರೂ ಹೋಗದು. ಶೆಡ್ಡಿಗೆ ಸೇರಿದ ಮೇಲೆ ಹರಿದ ಸ್ಲೀಪಿಂಗ್ ಬ್ಯಾಗುಗಳಿಗೆ ತೇಪೆ ಹಾಕುವಾಗ ಮಹಾನಂದಾ ಯಾರಿಗೂ ಹೇಳದೆ ಒಂದೊಂದು ಚೂರು ಜೋಳದ ರೊಟ್ಟಿ ಸೇರಿಸಿ ಹೊಲಿಯತೊಡಗಿದರು. ಹೋದ ವರ್ಷ ಮಂಜಿನ ಬೆಟ್ಟದ ಒಂದು ಬಿಡಾರದಲ್ಲಿ ಇಲಿಯೊಂದು ಆ ರೊಟ್ಟಿಯ ಜಾಡು ಹಿಡಿಯಿತು. ಬ್ಯಾಗನ್ನು ಕೊರೆಯಿತು. ಒಳಗೆ ತುಂಬಿದ ಬಾತುಕೋಳಿಯ ಪುಕ್ಕವೆಲ್ಲ ಟೆಂಟಿನ ತುಂಬ ಹಾರಾಡಿತು. ಮಲಗಿದ್ದವನು ಒಳಗೇ ಹಿಮ ಬಿತ್ತೆಂದು ಬೆಚ್ಚಿದನಂತೆ. ಉಳಿದ ರಾತ್ರಿಯನ್ನು ಗೆಳೆಯರ ಜಾಕೆಟ್ಟುಗಳಲ್ಲಿ ನಡುಗುತ್ತಾ ಕಳೆದ.

ಬ್ಯಾಗು ವಾಪಸು ಬಂದಾಗ ಹೊಲಿಗೆಯ ಮೂಲೆಯಲ್ಲಿ ಒಣಗಿದ ರೊಟ್ಟಿಯ ಚೂರು ಇನ್ನೂ ಅಂಟಿಕೊಂಡಿತ್ತು. ಮಹಾನಂದಾ ಕೂಡಲೇ ಒಪ್ಪಿಕೊಂಡರು. ದೀಪುಗೆ ಸಿಟ್ಟು ನೆತ್ತಿಗೇರಿತ್ತು. "ನಾವೇ ಊಟ ಹಾಕಿ ಇಲೀನ ಕರೆದಂಗಾಯ್ತಲ್ಲಕ್ಕ. ಇನ್ನೂ ಎಷ್ಟರೊಳಗೆ ಇಟ್ಟಿದ್ದೀರಾ?" ಮಹಾನಂದಾ ತಲೆ ತಗ್ಗಿಸಿ, "ನಾ ಹೊಲದಿದ್ದರಾಗೆಲ್ಲ ಐತ್ರಿ," ಎಂದರು. ಅವರೇ ಕೂತು ತೇಪೆಗಳನ್ನೆಲ್ಲ ಬಿಚ್ಚಿದರು. ಕೆಲಸ ಹೋಗುತ್ತದೆ ಎಂಬ ಭಯಕ್ಕಿಂತ, ತನ್ನ ಕೈಯ ಹೊದಿಕೆಯಿಂದ ಒಬ್ಬರ ಮಗ ನಡುಗಿದನಲ್ಲ ಎಂಬ ಸಂಕಟ ಅವರನ್ನು ಹೆಚ್ಚು ಕಾಡಿತು.

ಇಲಿ ಕೊರೆದ ಬ್ಯಾಗನ್ನು ದೀಪು ಗುಜರಿಗೆ ಎತ್ತಿಟ್ಟಿದ್ದರು. ಮಹಾನಂದಾ ಅದನ್ನು ಬೇಡಿ ಪಡೆದರು. ಹಳೆಯ ಟೆಂಟುಗಳಿಂದ ಹಸಿರು, ಕಿತ್ತಳೆ, ನೀಲಿ ತುಂಡುಗಳನ್ನು ಕತ್ತರಿಸಿ, ಹಾರಿಹೋದ ಪುಕ್ಕದ ಜಾಗಕ್ಕೆ ಬೇರೆ ಪುಕ್ಕ ತುಂಬಿ, ಕೌದಿಯ ಹಾಗೆಯೇ ಒಳಬಟ್ಟೆ ಹೊರಬಟ್ಟೆ ಎರಡನ್ನೂ ಸೇರಿಸಿ ಹೊಲಿದರು. ನೋಡಲು ಹಬ್ಬದಂತಿತ್ತು. ಶೀತಲ ಕೋಣೆಗೆ ಒಯ್ದು ಮಲಗಿದರೆ ಅದೇ ಮೋಸ ಮಾಡಿತು. "ಹೊಲಿಗಿ ಇದ್ದಲ್ಲೆಲ್ಲ ಚಳಿ ಸೂಜಿ ಹಂಗ ಚುಚ್ಚತಿತ್ರಿ. ಅವ್ವ ಕಲಿಸಿದ ಹೊಲಿಗಿ ಇಲ್ಲಿ ನಡಿಯಂಗಿಲ್ಲ ಅಂತ ಗೊತ್ತಾತು. ಅತ್ತಬಿಟ್ಟೆನ್ರಿ ಅವತ್ತು." ಪುಕ್ಕ ಉಬ್ಬಿ ನಿಂತರೇ ಬಿಸಿ. ದಾರ ಅದನ್ನು ಅದುಮಬಾರದು. ಎಲ್ಲ ಬಿಚ್ಚಿ, ಒಳಬಟ್ಟೆಗೆ ಬೇರೆ, ಹೊರಬಟ್ಟೆಗೆ ಬೇರೆ ತೇಪೆ ಹಾಕಿ ಮತ್ತೆ ಹೊಲಿದರು. ಇವತ್ತು ವೆನಿಲಾ ಡಬ್ಬಗಳ ನಡುವೆ ಅವರು ಮಲಗಿದ್ದು ಇದೇ ಬ್ಯಾಗಿನಲ್ಲಿ.

ಇವತ್ತೇ ಏಕೆಂದರೆ, ಬೆಳ್ಳಂದೂರಿನ ಆಫೀಸೊಂದರ ಕಾವ್ಯಾ ಎಂಬ ಹುಡುಗಿ ಮೊದಲ ಬಾರಿಗೆ ಹಿಮಾಲಯ ಹತ್ತಲು ಹೊರಟಿದ್ದಾಳೆ. ಹಂಗಾಮಿನ ಭರಾಟೆಯಲ್ಲಿ ಉಳಿದ ಬ್ಯಾಗೆಲ್ಲ ಹೋಗಿ ಇದೊಂದೇ ಉಳಿದಿದೆ. ಇದೂ ಸರಿಯಿಲ್ಲವೆಂದಾದರೆ ಅವಳಿಗೆ ಬೇರೆ ಕಡೆಯಿಂದ ತರಿಸಬೇಕು. ಇದು ಗುಜರಿಗೇ ಸರಿ.

"ಬೆಚ್ಚಗೈತ್ರಿ," ಎಂದು ಮಹಾನಂದಾ ಹೊರಬಂದು ಹೇಳಿದರೆ ದೀಪು ನಂಬುವುದಿಲ್ಲ. "ಹೆತ್ತವರಿಗೆ ಹೆಗ್ಗಣ ಮುದ್ದು ಅಕ್ಕ. ನಾನೇ ಹೋಗಿ ನೋಡ್ತೀನಿ, ಇರಿ." ಬ್ಯಾಗು ಹೆಗಲಿಗೇರಿಸಿ ಕೋಣೆಗೆ ಹೋಗುತ್ತಾರೆ.

ಅಷ್ಟರಲ್ಲಿ ಕಾವ್ಯಾ ಆಟೊದಿಂದ ಇಳಿದು, ತಂದದ್ದನ್ನೆಲ್ಲ ಟಾರ್ಪಾಲಿನ ಮೇಲೆ ಸುರಿಯುತ್ತಾಳೆ. ಎರಡು ಜೀನ್ಸು, ದೊಡ್ಡ ಶಾಂಪೂ ಬಾಟಲಿ, ಒಂದು ದಿಂಬು. ಮಹಾನಂದಾ ದಿಂಬನ್ನು ಎತ್ತಿ ನೋಡಿ, "ಇದು ಮನೀ ಕಾಯಲಿ ಬಿಡ್ರಿ," ಎನ್ನುತ್ತಾರೆ. ಉಳಿದದ್ದನ್ನು ಬೆನ್ನಚೀಲಕ್ಕೆ ಹೋಗುವ ಕ್ರಮದಲ್ಲಿ ಜೋಡಿಸಿಡುತ್ತಾರೆ: ಭಾರದ್ದು ಬೆನ್ನಿಗೆ ಒತ್ತಿದಂತೆ, ಮಳೆಯಂಗಿ ಕೈಗೆ ಸಿಗುವಂತೆ ಮೇಲಕ್ಕೆ. ಚೀಲದ ತಳಕ್ಕೆ ಹೋಗಬೇಕಾದದ್ದು ಮಾತ್ರ ಇನ್ನೂ ಬಂದಿಲ್ಲ. ಅದು ಸ್ಲೀಪಿಂಗ್ ಬ್ಯಾಗಿನ ಜಾಗ. ಇಬ್ಬರೂ ಗೋದಾಮಿನ ಕಡೆ ನೋಡುತ್ತಾರೆ. ದೀಪು ಬರುವುದಿಲ್ಲ. ಮಹಾನಂದಾ ಸೆರಗಿನ ತುದಿಯನ್ನು ಸುತ್ತುತ್ತಾರೆ, ಬಿಚ್ಚುತ್ತಾರೆ.

ಕೊನೆಗೆ ಮುತ್ತಣ್ಣ ನಗುತ್ತಾ ಬರುತ್ತಾರೆ. "ಅಕ್ಕಾ, ನಿಮ್ಮ ಸಾವ್ಕಾರ ಗೊರಕಿ ಹೊಡ್ಯಾಕತ್ತಾನ. ಏಳಂದ್ರ ಏಳವಲ್ಲ." ಅವರ ಹಿಂದೆಯೇ ದೀಪು ಕಣ್ಣುಜ್ಜುತ್ತಾ ಬರುತ್ತಾರೆ. ಕೆನ್ನೆಯ ಮೇಲೆ ಜಿಪ್ಪಿನ ಗೆರೆ ಮೂಡಿದೆ. ಬ್ಯಾಗನ್ನು ಮಹಾನಂದಾರ ಕೈಗೆ ಕೊಟ್ಟು, "ಕಳ್ಸಿ ಅಕ್ಕ. ಸಕ್ಕತ್ತಾಗಿದೆ," ಎನ್ನುತ್ತಾರೆ. ಮಹಾನಂದಾ ಬ್ಯಾಗನ್ನು ಎದೆಗೆ ಒತ್ತಿಕೊಳ್ಳುತ್ತಾರೆ.

ಬಣ್ಣದ ತೇಪೆಗಳನ್ನು ಕಂಡು ಕಾವ್ಯಾ ಅಳುಕಿದಾಗ ದೀಪು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ಇಲಿಯ ಕತೆಯನ್ನೂ ಸೇರಿಸಿ. ಅವಳು ಗೋದಾಮಿಗೆ ಹೋಗಿ, ತಾನೂ ಅದರೊಳಗೆ ತೂರಿ ಮಲಗಿ ನೋಡಿ, ನಗುತ್ತಾ ಬರುತ್ತಾಳೆ. "ಹಾಗಾದ್ರೆ ಇದರ ಹೊಟ್ಟೆ ಈಗ ಖಾಲಿನಾ ಅಕ್ಕ?"

ಮಹಾನಂದಾ ಡಬ್ಬಿ ತೆರೆಯುತ್ತಾರೆ. ರೊಟ್ಟಿ ಮುರಿದು, ಬೆಲ್ಲ ಇಟ್ಟು ಅವಳ ಅಂಗೈಗೆ ಹಾಕುತ್ತಾರೆ. "ಅದಕ್ಕ ಹಾಕಂಗಿಲ್ರಿ ಈಗ. ಅದರಾಗ ಮಲಗೂವ್ರು ಉಂಡ್ರ ಅದು ಉಂಡಂಗ. ಉಣ್ರಿ." ಇಲಿಯ ಪ್ರಕರಣವಾದ ಮೇಲೆ ಶೆಡ್ಡಿನಿಂದ ಹೊರಡುವ ಎಲ್ಲರಿಗೂ ಈ ತುತ್ತು ಕಡ್ಡಾಯ. ಕಾವ್ಯಾ ಕೊನೆಯ ಚೂರನ್ನೂ ತಿನ್ನುವವರೆಗೆ ಮಹಾನಂದಾ ಚೀಲದ ಬಾಯಿ ಕಟ್ಟುವುದಿಲ್ಲ.

"ಬೆಟ್ಟದಿಂದ ನಿಮಗೇನು ತರ್ಲಿ ಅಕ್ಕ?" ಎಂದು ಹೊರಡುವಾಗ ಕಾವ್ಯಾ ಕೇಳುತ್ತಾಳೆ. ಎಲ್ಲರೂ ಹೀಗೆ ಕೇಳುತ್ತಾರೆ. ಮಹಾನಂದಾ ಯಾವಾಗಲೂ ಏನೂ ಬೇಡ ಎನ್ನುತ್ತಾರೆ. ಇವತ್ತು ನಾಚಿಕೊಂಡು ಬಾಯಿ ಬಿಡುತ್ತಾರೆ.

"ಬ್ಯಾಗ ವಾಪಸ್ ಕೊಡೂಮುಂದ ಒರಸಬ್ಯಾಡ್ರಿ, ಬಿಸಲಿಗೂ ಹಾಕಬ್ಯಾಡ್ರಿ. ಹೆಂಗೈತಿ ಹಂಗ ತರ್ರಿ. ಒಗಿಯೂದು ನನ್ನ ಕೆಲಸ, ನಾ ಒಗೀತೀನಿ. ಅದಕ್ಕೂ ಮೊದ್ಲ, ಒಂದ ರಾತ್ರಿ ನಾ ಅದರಾಗ ಮಲ್ಕೋಬೇಕು."