ಮೂರು ಹಲ್ಲಿನ ಕೀಲಿಕೈ

ಎರಡು ಅಂಗಡಿಗಳ ನಡುವೆ, ಮೆಟ್ಟಿಲಿನ ಕೆಳಗೆ, ಒಬ್ಬ ಕುಳಿತರೆ ಇನ್ನೊಬ್ಬನಿಗೆ ನಿಲ್ಲಲು ಮಾತ್ರ ಎಡೆಯಿರುವ ಗೂಡಿನಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಬೀಗ ರಿಪೇರಿ ಮಾಡುತ್ತಿದ್ದವನನ್ನು ಬೀದಿಯೆಲ್ಲ ಬೀಗದಣ್ಣನೆಂದೇ ಕರೆಯುತ್ತಿತ್ತು. ಒಂದು ಅರ, ಒಂದು ಇಕ್ಕಳ, ಎರಡು ಕಣ್ಣು: ಆತನ ಕಾರ್ಖಾನೆಯೆಂದರೆ ಇಷ್ಟೇ. ಕೀಲಿಕೈ ಕೊರೆಯುವಾಗ ಒಂದು ಹಲ್ಲು ತಪ್ಪಿದರೆ, ಆ ಕೆಟ್ಟ ತುಂಡನ್ನು ಗಿರಾಕಿಯ ಕಣ್ಣೆದುರಿಗೇ ಮುರಿದು ಅವರ ಅಂಗೈಗೆ ಹಾಕುವುದು ಆತನ ಪದ್ಧತಿ. ಪರರ ಬಾಗಿಲು ತೆರೆಯಬಲ್ಲ ವಸ್ತು, ಅವರಾಗಿಯೇ ಒಪ್ಪಿಸಿದ ಹೊರತು, ತನ್ನಲ್ಲಿ ಒಂದು ಗಳಿಗೆಯೂ ಉಳಿಯಬಾರದು. ಹಣಕ್ಕೂ ಅದೇ ಕಟ್ಟಳೆ. ಹಿತ್ತಾಳೆಯ ಪಟ್ಟಿ ತಂದವನಿಗೆ ಅವನು ಹೊರೆ ಇಳಿಸುವ ಮೊದಲೇ ಹಣ ಎಣಿಸಿಕೊಡುತ್ತಿದ್ದನು. ಎಳೆದುಕೊಳ್ಳುವ ಉಸಿರೇ ದೇವರು ಕೊಟ್ಟ ಕೈಗಡವಾಗಿರುವಾಗ ಅದರ ಮೇಲೆ ಮನುಷ್ಯರ ಋಣವನ್ನೂ ಹೇರಿಕೊಳ್ಳುವುದು ಆತನಿಗೆ ದುರಾಸೆಯಾಗಿ ಕಾಣುತ್ತಿತ್ತು.

ಆತನ ಮಗಳಿಗೆ, ಕಿವಿ ಮಂದವಾದವರಿಗೆ ಶ್ರವಣಯಂತ್ರ ಹೊಂದಿಸುವ ವಿದ್ಯೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಎರಡು ವರ್ಷ ಊರಿನಲ್ಲಿ ಓದು. ಮೂರನೆಯ ವರ್ಷ ದೂರದ ದೊಡ್ಡ ಆಸ್ಪತ್ರೆಯಲ್ಲಿ ತರಬೇತಿ. ವಿದ್ಯಾರ್ಥಿವೇತನ ಜಮೆಯಾಗಲು ಆಕೆಯ ಹೆಸರಿನಲ್ಲಿ ಬ್ಯಾಂಕಿನ ಖಾತೆ ಬೇಕಾಯಿತು. ತಂದೆ, ಮಗಳು ಮೊದಲು ಹೋದದ್ದು ಗಾಜಿನ ಬಾಗಿಲಿನ ಹೊಸ ಬ್ಯಾಂಕಿಗೆ. ವಿದ್ಯಾರ್ಥಿಗಳಿಗೆ ಅಲ್ಲಿ ಬೆನ್ನಿಗೆ ಹಾಕುವ ಚೀಲವೊಂದು ಉಡುಗೊರೆ. ಬೀಗದಣ್ಣನು ಚೀಲದ ಕಡೆ ನೋಡಲಿಲ್ಲ. ಬಗ್ಗಿ ಬಾಗಿಲಿನ ಬೀಗವನ್ನು ಪರೀಕ್ಷಿಸಿದನು.

"ಗಟ್ಟಿ ಬೀಗ ಮಗಳೇ. ಇಲ್ಲೇ ಇಡು."

"ಅಪ್ಪ, ದುಡ್ಡು ಹೋಗೋದಕ್ಕೆ ಬಾಗಿಲೇ ಬೇಕಾ? ಇಲ್ಲಿ ನೋಡು, ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದಾರೆ. ಖಾತೆಯಲ್ಲಿ ಇಷ್ಟು ಇಲ್ಲದಿದ್ರೆ ತಿಂಗಳು ತಿಂಗಳು ದಂಡ. ಕಾರ್ಡಿಗೆ ವರ್ಷಕ್ಕಿಷ್ಟು. ಮೆಸೇಜ್ ಕಳಿಸೋಕೂ ಇಷ್ಟು."

"ಮತ್ತೆ ಚೀಲ ಪುಕ್ಕಟೆ ಅಂದ್ರು?"

"ಆ ಚೀಲದಲ್ಲಿ ನಮ್ಮನ್ನೇ ತುಂಬಿಕೊಂಡು ಹೋಗ್ತಾರೆ ಅಷ್ಟೇ."

ಆಕೆ ಆರಿಸಿದ್ದು ತಿರುವಿನಲ್ಲಿದ್ದ ಹಳೆಯ ಬ್ಯಾಂಕನ್ನು. ಅಲ್ಲಿ ವಿದ್ಯಾರ್ಥಿಗಳ ಖಾತೆ ಬರಿದಾದರೂ ದಂಡವಿಲ್ಲ, ಕಾರ್ಡಿಗೆ ಶುಲ್ಕವಿಲ್ಲ. ಆದರೆ ಪಕ್ಕದ ಬಾಗಿಲಿನ ಬೀಗ ಸಡಿಲವಾಗಿ ಲೊಟಗುಟ್ಟುತ್ತಿತ್ತು. ಮಗಳು ಅರ್ಜಿ ತುಂಬಿ ಮುಗಿಸುವಷ್ಟರಲ್ಲಿ ತಂದೆ ಜೇಬಿನಿಂದ ತಿರುಪುಳಿ ತೆಗೆದು ಅದನ್ನು ಬಿಗಿಮಾಡಿಟ್ಟನು. ಕೌಂಟರಿನಲ್ಲಿದ್ದ ಕನ್ನಡಕದ ಗುಮಾಸ್ತೆ ನಕ್ಕು, ಕುರ್ಚಿ ಕೊಡಿಸಿ ಕೇಳಿದಳು:

"ಮೂರನೇ ವರ್ಷದ ಖರ್ಚಿಗೆ ಸಾಲ ತಗೋತೀರಲ್ವಾ? ಆಗ ಹಿಂದಿನ ಸಾಲ ಹೇಗೆ ತೀರಿಸಿದ್ದೀರಿ ಅಂತ ನೋಡ್ತಾರೆ. ಎಲ್ಲಾದ್ರೂ ತಗೊಂಡಿದ್ರಾ ಯಜಮಾನ್ರೇ?"

"ದೇವರ ದಯೆ, ಒಂದು ಕಾಸೂ ಇಲ್ಲಮ್ಮ!"

"ಅಯ್ಯೋ, ಹಾಗಾದ್ರೆ ಕಷ್ಟ ಆಯ್ತಲ್ಲ."

ಬದುಕಿನ ಏಕೈಕ ಹಿರಿಮೆಯನ್ನು ಒಬ್ಬರು ಹೀಗೆ ಕುಂದೆಂದು ಎಣಿಸಿಯಾರೆಂದು ಬೀಗದಣ್ಣನು ಕನಸಿನಲ್ಲಿಯೂ ನೆನೆದಿರಲಿಲ್ಲ. "ನಾನೆಂಥವನು ಅಂತ ಬೀದೀಲಿ ಕೇಳಿ ನೋಡಿ. ಊರಿಗೆ ಹೋಗೋವಾಗ ಮನೆ ಕೀಲಿಕೈ ನನ್ನ ಕೈಲಿ ಕೊಟ್ಟು ಹೋಗ್ತಾರೆ!"

"ನಾನು ಕೇಳ್ತೀನಿ. ಕಂಪ್ಯೂಟರ್ ಬೀದಿಗೆ ಇಳಿಯಲ್ವಲ್ಲ."

ಅವಳೇ ಒಂದು ಉಪಾಯವನ್ನೂ ಹೇಳಿಕೊಟ್ಟಳು. ತಂದೆಯ ಉಳಿತಾಯದಲ್ಲಿ ಸ್ವಲ್ಪ ಹಣವನ್ನು ಠೇವಣಿಯಿಡುವುದು. ಅದರ ಆಧಾರದ ಮೇಲೆ ಮಗಳಿಗೆ ಒಂದು ಕ್ರೆಡಿಟ್ ಕಾರ್ಡು. ಅದರಲ್ಲಿ ತಿಂಗಳಿಗೊಮ್ಮೆ ಬಸ್ ಪಾಸು ಮಾತ್ರ ಕೊಳ್ಳುವುದು. ಬಿಲ್ಲು ಬಂದ ಮೇಲೆ ಗಡುವಿನೊಳಗೆ ಪೂರ್ತಿ ಕಟ್ಟುವುದು. ಒಂದೂವರೆ ವರ್ಷ ತಪ್ಪದೆ ನಡೆದರೆ ಆ ದಾಖಲೆಯೇ ಹುಡುಗಿಯ ಪರವಾಗಿ ಮಾತನಾಡುತ್ತದೆ. ಮಗಳು ಒಪ್ಪಿದಳು. ತಂದೆ ತಲೆಯಾಡಿಸಿದನು, ಮನಸ್ಸು ತಲೆಯ ಜೊತೆಗೆ ಆಡಲಿಲ್ಲ.

ಪ್ರತಿ ತಿಂಗಳೂ ಬಿಲ್ಲು ಅಂಚೆಯಲ್ಲಿ ಮನೆಗೆ ಬರತೊಡಗಿತು. "ಬಾಕಿ" ಎಂಬ ಅಕ್ಷರಗಳು ತನ್ನ ವಿಳಾಸದ ಕೆಳಗೆ ಅಚ್ಚಾಗಿರುವುದನ್ನು ಕಂಡಾಗಲೆಲ್ಲ ಆತ ಊಟದ ತಟ್ಟೆಯನ್ನು ಬದಿಗೆ ಸರಿಸುತ್ತಿದ್ದನು. ಮೂರನೆಯ ತಿಂಗಳು ತಡೆಯಲಾರದೆ, ಮಗಳು ಕಾಲೇಜಿನಲ್ಲಿದ್ದಾಗ ಬ್ಯಾಂಕಿಗೆ ಹೋದನು. ಅಂದು ಕನ್ನಡಕದ ಗುಮಾಸ್ತೆ ರಜೆಯಲ್ಲಿದ್ದಳು. ಠೇವಣಿ ತನ್ನ ಹೆಸರಿನಲ್ಲಿದ್ದುದರಿಂದ ಅದನ್ನು ಮುರಿಯುವ ಅಧಿಕಾರವೂ ತನ್ನದೇ. ಮುರಿಸಿ, ಬಿಲ್ಲನ್ನು ತೀರಿಸಿ, ಕಾರ್ಡನ್ನು ರದ್ದುಮಾಡಿಸಿ, "ಯಾವ ಬಾಕಿಯೂ ಇಲ್ಲ" ಎಂದು ಮೊಹರು ಒತ್ತಿದ ಪತ್ರವನ್ನು ಪಡೆದು, ಬೆಟ್ಟದ ಭಾರ ಇಳಿಸಿದವನಂತೆ ಮನೆಗೆ ಬಂದು ಗೋಡೆಯ ಮೊಳೆಗೆ ಸಿಕ್ಕಿಸಿದನು.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ಬಂದ ಹೆಂಡತಿ ಅದನ್ನು ಮೊದಲು ಓದಿದಳು.

"ಏನ್ರೀ ಇದು? ಊರವರ ಬಾಗಿಲು ತೆಗೆಯೋರು ಮಗಳ ಬಾಗಿಲಿಗೆ ಬೀಗ ಜಡಿದು ಬಂದ್ರಾ?"

"ಸಾಲ ತೀರಿತು ಕಣೇ. ತಪ್ಪೇನು?"

ಮಗಳು ಪತ್ರವನ್ನು ಎರಡು ಸಲ ಓದಿದಳು. ಅತ್ತಿದ್ದರೆ ಆತ ಸಮಾಧಾನ ಹೇಳಬಹುದಾಗಿತ್ತು, ಆಕೆ ಅಳಲಿಲ್ಲ. ತಂದೆಯ ಜೇಬಿನಿಂದ ಗೂಡಿನ ಕೀಲಿಕೈಯನ್ನು ತೆಗೆದು ಅದರ ಐದು ಹಲ್ಲುಗಳ ಮೇಲೆ ಬೆರಳಾಡಿಸಿದಳು.

"ಅಪ್ಪ, ಇದನ್ನ ಕೊರೆಯೋವಾಗ ಮೂರು ಹಲ್ಲಿಗೇ ನಿಲ್ಲಿಸಿ, ಕೆಲಸ ಮುಗೀತು ತಗೋ ಅಂದ್ರೆ ಬಾಗಿಲು ತೆಗೆಯುತ್ತಾ?"

ಆತ ಕೀಲಿಕೈಯನ್ನು ಮರಳಿ ತೆಗೆದುಕೊಂಡು ಹಲ್ಲುಗಳನ್ನು ನೋಡಿದನು. ಇಪ್ಪತ್ತೊಂಬತ್ತು ವರ್ಷ ಗಿರಾಕಿಗಳಿಗೆ ತಾನೇ ಹೇಳುತ್ತ ಬಂದಿದ್ದ ಮಾತು: ಅವಸರ ಬೇಡ, ಒಂದು ಹಲ್ಲು ಕಡಿಮೆಯಾದರೂ ಇದು ಬರಿಯ ತಗಡು.

ಮರುದಿನ ಬ್ಯಾಂಕು ತೆರೆಯುವ ಮೊದಲೇ ಆತ ಮೆಟ್ಟಿಲ ಮೇಲೆ ನಿಂತಿದ್ದನು. ಕನ್ನಡಕದ ಗುಮಾಸ್ತೆ ಎಲ್ಲವನ್ನೂ ಕೇಳಿ ಹಣೆಗೆ ಕೈಯಿಟ್ಟಳು.

"ಹೊಸದಾಗಿ ಠೇವಣಿ ಇಡಿ, ಹೊಸ ಕಾರ್ಡ್ ಕೊಡ್ತೀವಿ. ಆದ್ರೆ ಎಣಿಕೆ ಮತ್ತೆ ಒಂದರಿಂದ. ಅರ್ಜಿ ಹಾಕೋ ಹೊತ್ತಿಗೆ ಹದಿನಾಲ್ಕು ತಿಂಗಳಾಗುತ್ತೆ. ಅಷ್ಟು ಸಾಕಾಗದೆ ಹೋದ್ರೆ ಜಾಮೀನು ಕೇಳ್ತಾರೆ."

"ನಾನೇ ನಿಲ್ತೀನಿ."

"ನಿಮ್ಮ ಹೆಸರು ಹಾಕಿದ್ರೆ ಇದರಲ್ಲಿ ಏನೂ ಬರಲ್ಲ ಯಜಮಾನ್ರೇ. ನೀವು ಹುಟ್ಟೇ ಇಲ್ಲ ಅನ್ನೋ ಹಾಗಿದೆ."

ಬೀಗದಣ್ಣನು ಜೇಬಿನಲ್ಲಿದ್ದ ಗೂಡಿನ ಕೀಲಿಕೈಯನ್ನು ಮುಟ್ಟಿ ನೋಡಿದನು. ತಾನು ಕಾಪಾಡಿಕೊಂಡು ಬಂದ ನಿಯಮ ಯಾರಿಗಾಗಿ? ತನ್ನ ಶುದ್ಧಿಯ ಸಂತೋಷಕ್ಕಾಗಿ ಮಗಳ ವಿದ್ಯೆಯನ್ನು ಬಲಿಗೊಟ್ಟರೆ ದೇವರು ಮೆಚ್ಚುವನೇ? ಕೊನೆಗೆ ಕೇಳಿದನು: "ನನಗೊಂದು ಸಾಲ ಕೊಡಿಸ್ತೀರಾಮ್ಮ? ಚಿಕ್ಕದು ಸಾಕು."

"ಚಿಕ್ಕದಾದ್ರೆ ಹಳೇ ದಾಖಲೆ ಬೇಕಿಲ್ಲ. ಯಾತಕ್ಕೆ ಅಂತ ಬರೀಲಿ?"

"ಕೀಲಿಕೈ ಕೊರೆಯೋ ಮಿಷನ್ನು ಅಂತ ಬರೀರಿ."

ಕೈಬರಹದಷ್ಟು ಕೈಗೊಗ್ಗಿದ ಅರವನ್ನು ಬಿಟ್ಟು ಮಿಷನ್ನು ಮುಟ್ಟುವುದಿಲ್ಲವೆಂದು ಶಪಥ ಮಾಡಿದ್ದವನ ಗೂಡಿಗೆ ಮಿಷನ್ನು ಬಂದಿತು. ಎರಡು ವರ್ಷದ ಕಂತು. ಹೊಸ ಠೇವಣಿಯ ಮೇಲೆ ಮಗಳಿಗೆ ಹೊಸ ಕಾರ್ಡೂ ಬಂದಿತು. ಬೀದಿಯ ಜನ ಬೆರಗಾದರು. ಹೆಂಡತಿ ಮಾತ್ರ, "ಐವತ್ತಾರಕ್ಕೆ ಸಾಲಗಾರರಾದ್ರಿ, ಇನ್ನು ಮನೇಲಿ ಸ್ವಲ್ಪ ಹೆದರಿಕೊಂಡಿರಿ" ಎಂದಳು. ಮೊದಲ ಕಂತಿನ ದಿನ ಬರುವವರೆಗೆ ಆತ ಎರಡು ಕೀಲಿಕೈಗಳನ್ನು ತಪ್ಪಾಗಿ ಕೊರೆದನು. ಹಣ ಡಬ್ಬಿಯಲ್ಲಿ ಸಿದ್ಧವಿದ್ದರೂ ಕಟ್ಟದೆ ದಿನಕ್ಕಾಗಿ ಕಾಯುವುದು ಆತನಿಗೆ ಉಪವಾಸಕ್ಕಿಂತ ಕಠಿಣವಾದ ವ್ರತವಾಯಿತು. ಆದರೂ ಮುರಿಯಲಿಲ್ಲ. ಮಗಳ ಬಿಲ್ಲು, ತನ್ನ ಕಂತಿನ ಚೀಟಿ ಎರಡೂ ಒಂದೇ ಮೊಳೆಯಲ್ಲಿ ತೂಗಾಡುತ್ತಿದ್ದವು. ಬರಬರುತ್ತ ಆತನಿಗೊಂದು ತಿಳಿವು ಮೂಡಿತು: ಕೊಟ್ಟವನು ಆ ದಿನದವರೆಗೂ ನಂಬಿ ಕುಳಿತಿದ್ದಾನೆ, ಆ ನಂಬಿಕೆಯನ್ನು ಹೆದರದೆ ಹೊರುವುದೂ ಒಂದು ಬಗೆಯ ಮರ್ಯಾದೆ.

ಎರಡನೆಯ ವರ್ಷದ ಕೊನೆಗೆ ಮಗಳು ಸಾಲಕ್ಕೆ ಅರ್ಜಿ ಹಾಕಿದಳು. ಮೇನೇಜರು ಕಾಗದ ತಿರುವಿ, "ಹುಡುಗಿ ಒಂದು ಸಲವೂ ತಪ್ಪಿಲ್ಲ. ಆದ್ರೆ ಅವಧಿ ಸ್ವಲ್ಪ ಕಡಿಮೆ. ಜಾಮೀನಿಗೆ ಯಾರು?" ಎಂದನು.

ಗುಮಾಸ್ತೆ ಒಂದು ಹೆಸರು ಒತ್ತಿದಳು; ಪರದೆಯನ್ನು ಬೀಗದಣ್ಣನ ಕಡೆಗೆ ತಿರುಗಿಸಿದಳು. ಆತನ ಹೆಸರಿನ ಕೆಳಗೆ ಹದಿನಾಲ್ಕು ತಿಂಗಳು, ಹದಿನಾಲ್ಕು ಕಂತು, ಒಂದೂ ತಡವಾದುದಿಲ್ಲ. ಇಬ್ಬರ ದಾಖಲೆ ಕೂಡಿದ ಮೇಲೆ ಮೇನೇಜರು ಮತ್ತೇನೂ ಕೇಳಲಿಲ್ಲ, ಸಹಿ ಹಾಕಿದನು. ಮಗಳು ತಂದೆಯ ಅಂಗಿಯ ತೋಳನ್ನು ಹಿಡಿದುಕೊಂಡಳು.

ಆಕೆ ತರಬೇತಿಗೆ ಹೊರಟು ಮೂರು ವಾರವಾಗಿತ್ತು. ಆ ತಿಂಗಳು ವ್ಯಾಪಾರ ಚೆನ್ನಾಗಿ ನಡೆದು ಬೀಗದಣ್ಣನ ಡಬ್ಬಿ ತುಂಬಿತ್ತು. ಕಂತು ಕಟ್ಟಲು ಬಂದಾಗ ಗುಮಾಸ್ತೆ ಕೇಳಿದಳು:

"ಉಳಿದಿದ್ದೆಲ್ಲ ಒಟ್ಟಿಗೆ ಕಟ್ಟಿ ಮುಗಿಸಿಬಿಡ್ತೀರಾ ಯಜಮಾನ್ರೇ? ದಂಡ ಏನೂ ಇಲ್ಲ."

ಹಳೆಯ ಬೀಗದಣ್ಣನ ಕೈ ಡಬ್ಬಿಯ ಮುಚ್ಚಳದವರೆಗೆ ಹೋಯಿತು. ಅಲ್ಲಿಯೇ ನಿಂತಿತು.

"ಬೇಡಮ್ಮ, ಇನ್ನೂ ಹಲ್ಲು ಬಾಕಿ ಇದೆ. ಮುಂದಿನ ಐದನೇ ತಾರೀಕು ಬರ್ತೀನಿ" ಎಂದು ಒಂದು ಕಂತನ್ನಷ್ಟೇ ಎಣಿಸಿಟ್ಟು, ಹೋಗುವಾಗ ಪಕ್ಕದ ಬಾಗಿಲಿನ ಬೀಗವನ್ನೊಮ್ಮೆ ಅಲುಗಿಸಿ ನೋಡಿದನು. ಅದು ಬಿಗಿಯಾಗಿಯೇ ಇತ್ತು.