ಒತ್ತಬಾರದ ಬಟನ್

ಪುರವರದ ಎಣ್ಣೆ ಮಿಲ್ಲಿನ ಮಾಲೀಕರು ತಮ್ಮ ಯಂತ್ರದ ಟಚ್ ಸ್ಕ್ರೀನಿನಲ್ಲಿ ಮಿಲ್ಲಿನ ಹೆಸರು ತಪ್ಪಾಗಿದೆ, ತಿದ್ದಿಕೊಡಿ ಎಂದು ನನ್ನನ್ನು ಕರೆಸಿದ್ದರು. ಸ್ಕ್ರೀನ್ ಮಾಡಿಕೊಟ್ಟವರು ಅಂಗಡಿ ಮುಚ್ಚಿ ವರ್ಷಗಳಾಗಿದ್ದವು.

"ಬ್ಯಾಕಪ್ ಐತೆ ಕಣಪ್ಪ" ಎಂದು ಮಾಲೀಕರು ಹೆಮ್ಮೆಯಿಂದ ಪೆನ್ ಡ್ರೈವ್ ಕೊಟ್ಟರು. ಅದರಲ್ಲಿದ್ದದ್ದು ಯಂತ್ರ ಓದುವ ಫೈಲು, ನಾವು ತಿದ್ದುವ ಫೈಲಲ್ಲ. ಹಿಟ್ಟು ಕೊಟ್ಟು ರಾಗಿ ಮಾಡಿಕೊಡು ಎಂದ ಹಾಗಾಯಿತು.

ಅರ್ಧ ದಿನ ಹೆಣಗಿದ ಮೇಲೆ ಫೈಲು ಬಿಚ್ಚಿಕೊಂಡಿತು. ಜೊತೆಗೆ ಯಾರೂ ನೋಡಿರದ ಒಂದು ಪುಟವೂ ಹೊರಬಂತು. ಅದರಲ್ಲಿ ಒಂದೇ ಒಂದು ಕೆಂಪು ಬಟನ್, ಅದರ ಮೇಲೆ 'ಒತ್ತಬೇಡಿ' ಎಂಬ ಬರಹ.

ಹುಡುಕಿ ನೋಡಿದೆ. ಅದು ಯಾವುದಕ್ಕೂ ಜೋಡಣೆಯಾಗಿರಲಿಲ್ಲ.

"ಇದು ಸುಮ್ಮನೆ ಇದೆ, ತೆಗೆದುಬಿಡಲಾ?" ಎಂದೆ.

ಮಾಲೀಕರು ಪಕ್ಕದಲ್ಲಿ ನಿಂತಿದ್ದ ತಮ್ಮನ ಮುಖ ನೋಡಿದರು. ತಮ್ಮ ಸ್ವರ ತಗ್ಗಿಸಿ ಹೇಳಿದ: "ಇಷ್ಟು ವರ್ಸ ಯಾರೂ ಒತ್ತಿಲ್ಲ, ಅದುಕ್ಕೇ ಮಿಲ್ಲು ಚೆನ್ನಾಗ್ ನಡೀತೈತೆ ಕಣಣ್ಣ."

"ಅಂಗಾದ್ರೆ ಇರ್ಲಿ ಬುಡಿ. ಮೊದ್ಲನೇ ಪುಟಕ್ಕೇ ಹಾಕಿ, ಎಲ್ರಿಗೂ ಕಾಣ್ಲಿ" ಎಂದರು ಮಾಲೀಕರು.

ಮಿಲ್ಲಿನ ಹೆಸರು ತಿದ್ದಿ, ಬಟನನ್ನೂ ಹಾಕಿಕೊಟ್ಟೆ. ಈಗ ಕೊರಟಗೆರೆಯಿಂದ ಮಿಲ್ಲು ನೋಡಲು ಬರುವವರಿಗೆಲ್ಲ ಅವರು ಮೊದಲು ತೋರಿಸುವುದು ಅದನ್ನೇ. ಪಾವಗಡದ ಮಿಲ್ಲಿನವರೊಬ್ಬರು ಮೊನ್ನೆ ನನಗೆ ಫೋನ್ ಮಾಡಿ, ತಮಗೂ ಅಂಥದ್ದೊಂದು ಬೇಕೆಂದರು.