ಭಂಡಾರ ಮುಟ್ಟಿದ ಕಾಕಾ

ಹೋದ ವಾರ ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಒಣದ್ರಾಕ್ಷಿ ಕೊಂಡು ತಂದೆ. ಮನೆಯಲ್ಲಿ ಪೊಟ್ಟಣ ಬಿಚ್ಚಿದಾಗ ಗಂಧಕದ ಸಣ್ಣ ಘಾಟು ಮೂಗಿಗೆ ಬಡಿಯಿತು. ದ್ರಾಕ್ಷಿಯ ಬಣ್ಣ ಕೆಡದಿರಲೆಂದು ಹಾಕುವ ಹೊಗೆಯ ವಾಸನೆ ಅದು. ಪೊಟ್ಟಣವನ್ನು ಹಾಗೆಯೇ ಮಡಚಿಟ್ಟು ಕುಳಿತುಬಿಟ್ಟೆ.

ತಿಕೋಟಾದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಪ್ರತಿ ವರ್ಷ ನಮ್ಮ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸುವ ಕೆಲಸ ನೋಡಿಕೊಳ್ಳುತ್ತಿದ್ದರು. ಸಂಬಂಧಿಕರೇನಲ್ಲ. ಆದರೆ ನಾನು ಕಾಲೇಜಿಗೆ ಹೋಗುವಾಗ ಬಸ್ ತಪ್ಪಿದರೆ ಬೈಕಿನಲ್ಲಿ ವಿಜಯಪುರಕ್ಕೆ ಬಿಟ್ಟು ಬರುತ್ತಿದ್ದವರು ಅವರೇ. ಸಂಜೆಯಷ್ಟೇ ಕುಡಿಯುತ್ತಿದ್ದ ಕಾಲದ ಮಾತದು... ಬರಬರುತ್ತ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಬಾಟಲಿ ಬೇಕಾಯಿತು.

ಅವರ ಹೆಂಡತಿ, ನಾವು ಕಾಕು ಎನ್ನುತ್ತಿದ್ದವರು, ಕೊನೆಗೆ ಅವರನ್ನು ಬಬಲೇಶ್ವರದ ಕಡೆಯ ತಮ್ಮ ತವರೂರಿಗೆ ಕರೆದೊಯ್ದು ಬೀರಪ್ಪನ ಗುಡಿಯಲ್ಲಿ ಇನ್ನು ಕುಡಿಯುವುದಿಲ್ಲವೆಂದು ಭಂಡಾರ ಮುಟ್ಟಿಸಿದರು. ಆ ಅರಿಸಿನ ಪುಡಿ ಮುಟ್ಟಿ ಮಾಡಿದ ಆಣೆ ಮುರಿಯುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಕಾಕಾ ಅಂದಿನಿಂದಲೇ ಹನಿಯೂ ಮುಟ್ಟಲಿಲ್ಲ. ಓಣಿಯೆಲ್ಲ ಹಿಗ್ಗಿತು.

ಒಂದೆರಡು ದಿನ ಕಳೆದಿರಬೇಕು. ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕುತ್ತಿದ್ದ ಕಾಕಾನ ಕೈ ನಡುಗತೊಡಗಿತು. ಮೈಯೆಲ್ಲ ಬೆವರು. ಯಾರೂ ಇಲ್ಲದ ಕಡೆ ನೋಡಿ ಏನೇನೋ ಮಾತಾಡಿದರು. ಕೆಲಸಕ್ಕೆ ಬಂದಿದ್ದ ಹೆಣ್ಣುಮಕ್ಕಳು ಕೈ ಮುಗಿದು ನಿಂತರು.

"ಬೀರಪ್ಪ ಬಂದಾನ ಬೇ ಮೈಯಾಗ! ಯಾರೂ ಮುಟ್ಟಬ್ಯಾಡ್ರಿ!" ಎಂದು ಒಬ್ಬಾಕೆ ಕೂಗಿದಳು.

ಕಾಕು ಓಡಿ ಬಂದು ಗಂಡನ ಹಣೆಗೆ ಭಂಡಾರ ಹಚ್ಚಿ ಕಾಲಿಗೆ ಬಿದ್ದರು. ನನಗೂ ಕೈ ಮುಗಿಯಬೇಕೆನಿಸಿತ್ತು. ಅಷ್ಟರಲ್ಲಿ ಕಾಕಾನ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ಹಲ್ಲು ಕಚ್ಚಿ, ಮೈ ಸೆಟೆದು, ಉರಿಯುತ್ತಿದ್ದ ಗಂಧಕದ ತಟ್ಟೆಯ ಪಕ್ಕಕ್ಕೇ ಬಿದ್ದರು. ದೇವರು ಬಂದವರನ್ನು ಮುಟ್ಟಬಾರದೆಂದು ಯಾರೂ ಮುಂದೆ ಬರಲಿಲ್ಲ. ನಾನು ತಟ್ಟೆಯನ್ನು ಕಾಲಿನಿಂದ ಒದ್ದು, ಅವರನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡೆ. ಆ ಬೆಂಕಿ, ಆ ತಲೆ, ನಡುವೆ ಒಂದು ಗೇಣು ಜಾಗ... ಕಣ್ಣು ಮುಚ್ಚಿದರೆ ಈಗಲೂ ಅದೇ.

"ವರ್ಷಗಟ್ಟಲೆ ಕುಡಿದವರು ಒಮ್ಮೆಲೆ ಬಿಟ್ರ ಹಿಂಗ ಫಿಟ್ಸ್ ಬರ್ತಾವ್ರಿ. ಜೀವಾನೂ ಹೋಗಬಹುದು," ಎಂದರು ವಿಜಯಪುರದ ಡಾಕ್ಟರು. "ಬಿಡಬೇಕು, ಆದ್ರ ದವಾಖಾನಿಗೆ ಬಂದು ಬಿಡಬೇಕು." ಮನೆಗೆ ಕಳಿಸುವಾಗ, ಕುಡಿತ ಬಿಟ್ಟವರೆಲ್ಲ ಸಿದ್ಧೇಶ್ವರ ಗುಡಿಯ ಹಿಂದಿನ ಒಂದು ಶಾಲೆಯಲ್ಲಿ ಸಂಜೆ ಸೇರುತ್ತಾರೆ, ತಪ್ಪದೆ ಹೋಗಿ ಎಂದರು.

ಕಾಕಾ ಒಪ್ಪಲಿಲ್ಲ. "ದೇವರೇ ಮೈಯಾಗ ಬಂದ ಮ್ಯಾಲ ನನಗ್ಯಾಕ ಮೀಟಿಂಗು?"

"ಬಂದಿದ್ದು ದೇವರಲ್ಲ, ಯಮ. ಸುಮ್ಮ ನಡೀರಿ," ಎಂದರು ಕಾಕು.

ಗುಡಿಯ ಹಿಂದಿನ ಓಣಿಗಳಲ್ಲಿ ನಾವು ಮೂವರೂ ಅಲೆದೆವು. ಏನೆಂದು ಕೇಳಬೇಕೋ ತಿಳಿಯದೆ ನಾನು ನಾಚಿಕೆಯಿಂದ ನಿಂತಿದ್ದಾಗ ಕಾಕು ಹೂವಿನಾಕೆಯನ್ನು ನೇರವಾಗಿ ಕೇಳಿಯೇಬಿಟ್ಟರು: "ಕುಡಿಯೋದು ಬಿಟ್ಟವರು ಕೂಡೋ ಜಾಗಾ ಎಲ್ಲೈತಿ ಯವ್ವಾ?"

"ಕುಡಿಯಾಕ ಕೂಡೋ ಜಾಗಾ ಕೇಳಿದ್ರ ಹತ್ತು ಹೇಳತಿದ್ನಿ," ಎಂದು ನಕ್ಕ ಆಕೆ, ಕಾಕುವಿನ ಮುಖ ನೋಡಿ ನಗು ನಿಲ್ಲಿಸಿದಳು. ಹೂವಿನ ಬುಟ್ಟಿ ಬಿಟ್ಟು ಬಾಗಿಲತನಕ ಬಂದು ತೋರಿಸಿದಳು. "ನಮ್ಮ ಮನಿಯವರೂ ಒಳಗದಾರ, ಹೋಗ್ರಿ."

ಅಂದಿನ ಕೂಟದಲ್ಲಿ ಮನೆಮಂದಿಯೂ ಜೊತೆಗೆ ಕೂರಬಹುದಿತ್ತು. ಮಕ್ಕಳ ಬೆಂಚುಗಳ ಮೇಲೆ ದೊಡ್ಡ ಗಂಡಸರು ಮೊಣಕಾಲು ಮಡಚಿ ಕುಳಿತಿದ್ದರು. ಒಬ್ಬ ನಿವೃತ್ತ ಕಂಡಕ್ಟರ್ ಎದ್ದು, ತಾನು ಕುಡುಕ ಎಂದು ಊರ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿಕೊಂಡರು. ಕಾಕಾನ ಆಣೆಯ ಕಥೆ ಕೇಳಿ, "ದೇವರಿಗೆ ಸಾಯೋತನಕದ ಮಾತು ಕೊಟ್ಟೀರಿ. ನಮಗ ಇವತ್ತೊಂದಿನದ ಮಾತು ಕೊಡ್ರಿ, ಸಾಕು," ಎಂದರು. ಮುಂದಿನ ಸಲ ಕಾಕಾ ಯಾರೂ ಕರೆಯದೆ ತಾವೇ ಬಸ್ಸು ಹತ್ತಿದರು.

ಮರು ವರ್ಷ ಯಾರದೋ ಮದುವೆಯಲ್ಲಿ ಕುಡಿದರು. ಮತ್ತೆ ದಿನವೂ ಶುರುವಾಯಿತು. "ಭಂಡಾರ ಮುರದೀನಿ, ಇನ್ಯಾವ ಮುಖಾ ಹೊತ್ತು ಅಲ್ಲಿ ಹೋಗ್ಲಿ," ಎಂದು ಬಾಗಿಲು ಹಾಕಿಕೊಂಡು, ಒಬ್ಬರೇ ಒಮ್ಮೆಲೆ ಬಿಡಲು ಹೊರಟರು. ಮತ್ತೆ ಅದೇ ದಾರಿ! ಈ ಸಲ ಕಾಕು ಗುಡಿಯ ದಾರಿ ಹಿಡಿಯಲಿಲ್ಲ. ಬಾಗಿಲು ತೆಗೆಸಿ ದವಾಖಾನೆಗೆ ಸೇರಿಸಿ, ಅಲ್ಲಿಂದ ಕಳಿಸಿದ ದಿನವೇ ಆ ಶಾಲೆಗೆ ಕರೆತಂದರು. ಹೊಸ್ತಿಲಲ್ಲಿ ನಿಂತ ಕಾಕಾನನ್ನು ಯಾರೂ ಏನೂ ಕೇಳಲಿಲ್ಲ. ಕಂಡಕ್ಟರ್ ಬೆಂಚಿನಲ್ಲಿ ಸ್ವಲ್ಪ ಸರಿದು, "ಬರ್ರಿ, ಚಾ ಆರತೈತಿ," ಎಂದರು.

ಆಮೇಲೆ ಕಾಕಾ ಕುಡಿಯಲಿಲ್ಲ. ಆದರೆ ಲಿವರ್ ಮೊದಲೇ ಸೋತುಹೋಗಿತ್ತು... ಕೆಲವೇ ವರ್ಷ ಸಿಕ್ಕಿದ್ದು. ಕಾಕಾನನ್ನು ಮಣ್ಣು ಮಾಡಿದ ದಿನ ತಿಕೋಟಾದಲ್ಲಿ ಯಾರೂ ಕಂಡರಿಯದ ಒಂದಷ್ಟು ಗಂಡಸರು ಬಸ್ಸಿಳಿದು ಬಂದು ಹಿಂದೆ ನಿಂತರು. ಯಾರ ಕಡೆಯವರೆಂದು ನೆಂಟರು ಕೇಳಿದರೆ ಅವರು ಆ ಶಾಲೆಯ ಕೂಟದ ಮಾತೆತ್ತಲಿಲ್ಲ. "ನಮ್ಮವರೇ," ಎಂದು ಕಾಕುವೇ ಅವರನ್ನು ಮುಂದೆ ಕರೆದು ಮಣ್ಣು ಹಾಕಿಸಿದರು.

ಈಗಲೂ ಗುಡಿಯಲ್ಲಿ ಯಾರ ಮೈಮೇಲಾದರೂ ದೇವರು ಬಂದರೆ ಎಲ್ಲರೂ ಹಿಂದೆ ಸರಿದು ಕೈ ಮುಗಿಯುತ್ತಾರೆ. ನಾನು ಒಂದು ಹೆಜ್ಜೆ ಹತ್ತಿರ ಹೋಗಿ ಮೊದಲು ಅವರ ಕಣ್ಣು ನೋಡುತ್ತೇನೆ.